ಅಮ್ಮನ ಮಂಡಿನೋವು, ಲಾಲ್‌ಬಾಗಿನ ಬಂಡೆ

ಈ ಹೆಲ್ಮೆಟ್ ನೋಡಿ. ಕಬ್ಬನ್ ಪಾರ್ಕು, ಮಂಗಳವಾರ, ಮಧ್ಯಾಹ್ನ ಎರಡೂವರೆ. ಬಿದಿರು ಮೆಳೆ ಪಕ್ಕದ ಬೆಂಚಿನ ಮೇಲೆ ಡೆಲಿವರಿ ಹುಡುಗ ಒಬ್ಬ ಮಲಗಿದಾನೆ. ತಲೆ ಕೆಳಗೆ ಬ್ಯಾಗು, ಹೊಟ್ಟೆ ಮೇಲೆ ಹೆಲ್ಮೆಟ್ಟು, ಹೆಲ್ಮೆಟ್ಟೊಳಗೆ ಫೋನು. ಮುಖ ತೋರ್ಸಲ್ಲ, ಪಾಪ, ನಿದ್ದೆ ಮಾಡ್ಲಿ. ಫೋನ್ ಗುರ್ ಅಂದಾಗೆಲ್ಲ ಒಂದೇ ಒಂದು ಕಣ್ಣು ಬಿಡ್ತಾನೆ, ಮತ್ತೆ ಮುಚ್ಕೋತಾನೆ.

ನಾನು ಇವತ್ತು ಇಲ್ಲಿಗೆ ಹೂವು ಶೂಟ್ ಮಾಡೋಕೆ ಬಂದಿದ್ದಲ್ಲ, ಬೆಂಚು ಶೂಟ್ ಮಾಡೋಕೆ. ನಗ್ಬೇಡಿ, ಕಾರಣ ಇದೆ.

ಅಮ್ಮ ಭದ್ರಾವತಿಯಿಂದ ಬಂದು ಮೂರು ವಾರ ಆಯ್ತು. ಮಂಡಿನೋವು. ದಿನಾ ನಡೀರಿ, ಆದ್ರೆ ಹತ್ತು ನಿಮಿಷಕ್ಕೊಂದ್ಸಲ ಕೂತ್ಕೊಳ್ಳಿ ಅಂದಿದಾರೆ ಡಾಕ್ಟ್ರು. ಸುಲಭ ಅಲ್ವಾ ಅನ್ಕೊಂಡೆ. ಮನೆ ಹತ್ರಾನೇ ಪಾರ್ಕಿದೆ. ಮೊದಲ್ನೇ ದಿನ ಕರ್ಕೊಂಡು ಹೋದೆ, ಆಗ ಗೊತ್ತಾಯ್ತು.

ಅಲ್ಲಿ ಸುತ್ತಲೂ ಇಂಟರ್‌ಲಾಕ್ ಟೈಲ್ಸ್ ಹಾಕಿದ ವಾಕಿಂಗ್ ಟ್ರ್ಯಾಕು. ಮಧ್ಯ ಹುಲ್ಲು, ಹುಲ್ಲಿನ ಮೇಲೆ ಕಾಲಿಡಬೇಡಿ ಅನ್ನೋ ಬೋರ್ಡು. ಒಳ್ಳೇ ದೊಡ್ಡ ಹೊಂಗೆ ಮರ ಇದೆ, ಅದು ಹುಲ್ಲಿನ ನಟ್ಟನಡುವೆ. ಬೆಂಚುಗಳು ಎಲ್ಲಿವೆ? ಕಾಂಪೌಂಡಿಗೆ ಒತ್ತಿಕೊಂಡು, ಬಿಸಿಲಲ್ಲಿ. ಅದೂ ಒಂದೊಂದು ಬೆಂಚಿನ ನಡುವೆ ಒಂದು ಕಬ್ಬಿಣದ ಹಿಡಿ. ಯಾರೂ ಮಲಗಬಾರದು ಅಂತ. ಅಮ್ಮ ಆ ಹಿಡೀನ ಮುಟ್ಟಿ ನೋಡಿ, "ಇದೇನೇ ಪುಟ್ಟಿ, ಬಸ್ ಸೀಟಿಗೆ ಹಾಕಿದಂಗೆ ಹಾಕಿದಾರೆ" ಅಂದ್ಲು. ಹತ್ತು ಗಂಟೆ ಆಗ್ತಿದ್ದಂಗೆ ವಿಶಲ್ಲು. ಗೇಟಿಗೆ ಬೀಗ. ಮತ್ತೆ ತೆಗೆಯೋದು ಸಂಜೆ.

ಅಂದ್ರೆ ಬೆಳಿಗ್ಗೆ ನಡೆಯೋರಿಗೆ ಪಾರ್ಕಿದೆ. ಮಧ್ಯಾಹ್ನ ಸುಸ್ತಾಗೋರಿಗೆ ಇಲ್ಲ. ಆ ಪ್ಲಾನು ಬರೆದವರು ಒಂದೇ ಒಂದು ಮಧ್ಯಾಹ್ನ ಆ ಬೆಂಚಿನ ಮೇಲೆ ಕೂತಿದ್ರೆ, ಬೆಂಚನ್ನ ಎತ್ತಿ ಮರದ ಕೆಳಗೆ ಇಡ್ತಿದ್ರು ಅನ್ಸುತ್ತೆ.

ಅದಕ್ಕೇ ಕಬ್ಬನ್ ಪಾರ್ಕು. 1870ರಲ್ಲಿ ರಿಚರ್ಡ್ ಸ್ಯಾಂಕಿ ಅನ್ನೋ ಎಂಜಿನಿಯರ್ ಕಾಲದಲ್ಲಿ ಆದದ್ದು. 1927ರಿಂದ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಪಾರ್ಕು, ಆದ್ರೆ ಆಟೋದವರಿಗೆ ಹಂಗಂದ್ರೆ ಒಂದು ನಿಮಿಷ ಯೋಚ್ನೆ ಮಾಡ್ತಾರೆ. ಟಿಕೆಟ್ ಇಲ್ಲ. ಹೈಕೋರ್ಟಿಂದ ಬಂದ ಕಪ್ಪು ಕೋಟು, ಆಧಾರ್ ಕೆಲಸಕ್ಕೆ ಊರಿಂದ ಬಂದೋರು, ಪರೀಕ್ಷೆಗೆ ಓದೋರು, ಜಗಳ ಆಡ್ತಿರೋ ಜೋಡಿ, ಎಲ್ಲರೂ ಒಂದೇ ನೆರಳಲ್ಲಿ. ಇಲ್ಲಿ ಅಮ್ಮ ಎರಡು ದಿನ ಖುಷಿಯಾಗಿದ್ಲು. ಮೂರನೇ ದಿನ, "ಲಾಲ್‌ಬಾಗ್ ಯಾವಾಗ?" ಅಂದ್ಲು.

ಸರಿ, ಲಾಲ್‌ಬಾಗು. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ತೋಟ, ಈಗ 240 ಎಕರೆ. ಬೆಳಿಗ್ಗೆ ವಾಕಿಂಗಿಗೆ ಬರೋರಿಗೆ ಟಿಕೆಟ್ ಇಲ್ಲ, ಒಂಬತ್ತರ ಮೇಲೆ ಇದೆ. ಇಲ್ಲೂ ಅದೇ ಕಥೆ ನೋಡಿ.

ಈ ರಸ್ತೆ ಮೇಲೆ ಬಿದ್ದಿರೋ ಹೂವು ನೋಡಿದಾಗೆಲ್ಲ ನಂಗೆ ಒಬ್ಬರು ನೆನಪಾಗ್ತಾರೆ. ಕೃಂಬಿಗಲ್. ಜರ್ಮನಿಯ ತೋಟಗಾರಿಕೆ ತಜ್ಞರು, ಲಂಡನ್ನಿನ ಕ್ಯೂ ಅನ್ನೋ ಸಸ್ಯತೋಟದಲ್ಲಿ ಕೆಲಸ ಮಾಡಿ, ಬರೋಡಾ ಮಹಾರಾಜರ ಹತ್ರ ಇದ್ದು, 1908ರಲ್ಲಿ ಲಾಲ್‌ಬಾಗಿಗೆ ಬಂದೋರು. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಮರ ಹೂ ಉದುರಿಸೋ ಹೊತ್ತಿಗೆ ಇನ್ನೊಂದು ಬಿಡಬೇಕು, ವರ್ಷ ಪೂರ್ತಿ ಹಂಗೇ ನಡೀಬೇಕು ಅಂತ ಲೆಕ್ಕ ಹಾಕಿದ್ದು ಅವರು. ಇಲ್ಲೇ ತೀರಿಕೊಂಡ್ರು, 1956ರಲ್ಲಿ. ಹೊರಗಡೆ ಅವರ ಹೆಸರಿನ ರಸ್ತೆ ಇದೆ. ಆದ್ರೆ ಒಂದು ಮಾತು: ಟಬೂಬಿಯಾ ಮರ ಗುಲಾಬಿ ಬಣ್ಣದ ಹೂ ಬಿಟ್ಟಾಗ ಅದರಲ್ಲಿ ಎಲೆ ಇರಲ್ಲ. ರೀಲ್ಸಿಗೆ ಚೆಂದ, ಕೂರೋರಿಗೆ ಬಿಸಿಲು. ಆ ರೀಲ್ಸ್ ನಾನೂ ಹಾಕಿದೀನಿ, ಒಪ್ಕೋತೀನಿ.

ಗಾಜಿನ ಮನೆ. ಅಮ್ಮ ಲಾಲ್‌ಬಾಗ್ ಬೇಕು ಅಂದಿದ್ದು ಇದಕ್ಕೇ. 1889ರಲ್ಲಿ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಬಂದಾಗ ಅಡಿಗಲ್ಲು ಹಾಕಿದ್ದು. ಎರಕದ ಕಬ್ಬಿಣ ಬಂದಿದ್ದು ಸ್ಕಾಟ್ಲೆಂಡಿನ ಗ್ಲಾಸ್‌ಗೋದಿಂದ, ಹಡಗಲ್ಲಿ. ಆದ್ರೆ 1935ರಲ್ಲಿ ಪೂರ್ವದ ಕಡೆ ಬೆಳೆಸಿದಾಗ ಕಬ್ಬಿಣ ಕೊಟ್ಟಿದ್ದು ನಮ್ಮ ಭದ್ರಾವತಿ ಕಾರ್ಖಾನೆ. ಅಜ್ಜ ಅದೇ ಕಾರ್ಖಾನೇಲಿ ಮೂವತ್ತು ವರ್ಷ ದುಡಿದೋರು. ಅವರು ಸೇರಿದ್ದು ಎಷ್ಟೋ ವರ್ಷ ಆಮೇಲೆ, ಅದು ಅಮ್ಮಂಗೂ ಗೊತ್ತು. ಆದ್ರೂ ಕ್ಯಾಮೆರಾ ನೋಡಿ, "ಇದು ನಮ್ಮಪ್ಪನ ಕಾರ್ಖಾನೆ ಕಂಬ" ಅಂತ ಗಟ್ಟಿಯಾಗಿ ಹೇಳಿದ್ಲು. ಯಾವ ಕಂಬ ಯಾವ ಊರಿಂದು ಅಂತ ಕಂಡುಹಿಡಿಯೋಕೆ ಇಪ್ಪತ್ತು ನಿಮಿಷ ಸುತ್ತಿದ್ವಿ. ಪಕ್ಕದಲ್ಲಿದ್ದ ಸೆಕ್ಯೂರಿಟಿಯವರಿಗೂ ವಿವರಣೆ ಸಿಕ್ಕಿತು. ಅವರು ಪಾಪ, "ಹೌದಾ ಅಮ್ಮ" ಅಂತ ನಾಲ್ಕು ಸಲ ಅಂದ್ರು.

ಆಮೇಲೆ ಮಂಡಿ ಕೂಗೋಕೆ ಶುರು ಮಾಡ್ತು. ಹತ್ತಿರದ ಬೆಂಚು ಎಲ್ಲಾ ಭರ್ತಿ. ಅಲ್ಲಿಂದ ನಿಂತೂ ನಡೆದೂ ಬಂಡೆ ಬುಡಕ್ಕೆ ಬಂದ್ವಿ.

ಈ ಬಂಡೆ ಮುನ್ನೂರು ಕೋಟಿ ವರ್ಷದ್ದು. ಪೆನಿನ್ಸುಲಾರ್ ನೈಸ್ ಅನ್ನೋ ಜಾತಿ ಕಲ್ಲು ಅಂತಾರೆ ಭೂವಿಜ್ಞಾನದವರು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಫಲಕಾನೂ ಇದೆ. ಮೇಲೆ ಕೆಂಪೇಗೌಡರ ಗೋಪುರ. ಈ ಬಂಡೇನ ಯಾರೂ ಡಿಸೈನ್ ಮಾಡಿಲ್ಲ, ಹಿಡಿ ಇಲ್ಲ, ಇಷ್ಟೇ ಜನ ಕೂರಬೇಕು ಅಂತ ಅಳತೆ ಇಲ್ಲ. ಕಾಲು ಚಾಚಬಹುದು, ಮಲಗಬಹುದು, ಟಿಫನ್ ಬಾಕ್ಸ್ ಹರವಬಹುದು. ಮಧ್ಯಾಹ್ನ ಕಾಲಿಡೋಕಾಗಲ್ಲ, ಸುಡುತ್ತೆ. ಐದರ ಮೇಲೆ ಬಂದ್ರೆ ಬೆಚ್ಚಗಿರುತ್ತೆ ಅಷ್ಟೆ. ಅಮ್ಮ ತುಂಬ ಮೇಲೆ ಹತ್ತಲಿಲ್ಲ, ಬುಡದಲ್ಲೇ ಚಪ್ಪಲಿ ಬಿಟ್ಟು, ಸೆರಗು ಸಿಗಿಸಿ, ಕೈಯೂರಿ ಕೂತಳು. ಮಂಡೀನ ಕಲ್ಲಿಗೆ ಒತ್ತಿ ಇಟ್ಲು. "ಹೀಟಿಂಗ್ ಪ್ಯಾಡು ಇದ್ದಂಗಿದೆ ಕಣೇ."

ಮಾವಿನಕಾಯಿ ತಗೊಂಡ್ವಿ, ಹೆಚ್ಚಿ ಉಪ್ಪು ಖಾರ ಹಾಕಿದ್ದು. ಉತ್ತರದ ಕಡೆ ಕಟ್ಟಡಗಳ ಲೈಟು ಒಂದೊಂದಾಗಿ ಹತ್ತೋಕೆ ಶುರು.

ಕತ್ತಲಾಗ್ತಿದೆ, ಹೋಗೋಣ ಅಮ್ಮ ಅಂದೆ.

"ಟಿಕೆಟ್ ತಗೊಂಡು ಬಂದಿದೀವಿ, ವಿಶಲ್ ಹಾಕ್ಲಿ ಮೊದ್ಲು" ಅಂದ್ಲು. ಅಷ್ಟರಲ್ಲಿ ನನ್ನ ಬ್ಯಾಟರಿ ಮುಗೀತು. ವಿಶಲ್ ನಿಮಗೆ ಕೇಳಿಸೋಕಾಗ್ಲಿಲ್ಲ.