ಒತ್ತಿದರೆ ತೆರೆಯಬೇಕು

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಪ್ಯಾನಿಕ್ ಬಾರ್ ಬಗ್ಗೆ, ಅಂದರೆ ಒಳಗಿನಿಂದ ಒತ್ತಿದರೆ ಬಾಗಿಲು ತೆರೆಯುವ ಅಡ್ಡಪಟ್ಟಿಯ ಬಗ್ಗೆ.

1883ರ ಜೂನ್ 16. ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳಿಗೆ ಅಂತ ಒಂದು ಆಟ ನಡೆಯುತ್ತಿತ್ತು. ಕೊನೆಯಲ್ಲಿ ವೇದಿಕೆಯಿಂದ ಆಟಿಕೆ ಹಂಚಲು ಶುರು ಮಾಡಿದರು. ಮೇಲಿನ ಗ್ಯಾಲರಿಯಲ್ಲಿದ್ದ ಮಕ್ಕಳು ತಮಗೆಲ್ಲಿ ತಪ್ಪಿಹೋಗುತ್ತೋ ಅಂತ ಮೆಟ್ಟಿಲಿಳಿದು ಓಡಿದರು. ಕೆಳಗಿನ ಬಾಗಿಲು ಮೆಟ್ಟಿಲ ಕಡೆಗೇ ತೆರೆಯುವಂಥದ್ದು. ಒಂದು ಮಗು ನುಸುಳುವಷ್ಟು ಸಂದಿ ಬಿಟ್ಟು ಅದಕ್ಕೆ ಅಗಳಿ ಹಾಕಿದ್ದರು. ಮುಂದಿನವರು ಸಿಕ್ಕಿಕೊಂಡರು. ಹಿಂದೆ ಬರುತ್ತಿದ್ದವರಿಗೆ ಅದು ಗೊತ್ತಾಗಲಿಲ್ಲ. 183 ಮಕ್ಕಳು ಸತ್ತರು. ಅಲ್ಲಿ ಬೆಂಕಿ ಬಿದ್ದಿರಲಿಲ್ಲ. ಹೊಗೆಯೂ ಇರಲಿಲ್ಲ.

ಇದಾದ ಮೇಲೆ ರಾಬರ್ಟ್ ಬ್ರಿಗ್ಸ್ ಎಂಬುವರು ಒಳಗಿನಿಂದ ತಳ್ಳಿದರೆ ಬಿಚ್ಚಿಕೊಳ್ಳುವ ಬೋಲ್ಟ್‌ಗೆ 1892ರಲ್ಲಿ ಪೇಟೆಂಟ್ ಪಡೆದರು. ಆದರೂ 1903ರ ಡಿಸೆಂಬರ್ 30ರಂದು ಚಿಕಾಗೋದ ಇರೊಕ್ವಾ ಥಿಯೇಟರ್‌ನಲ್ಲಿ ಬೆಂಕಿ ಬಿದ್ದಾಗ 600ಕ್ಕೂ ಜಾಸ್ತಿ ಜನ ಸತ್ತರು. ಕೆಲವು ಬಾಗಿಲಿಗೆ ಬೀಗ ಬಿದ್ದಿತ್ತು. ಇನ್ನು ಕೆಲವಕ್ಕೆ ಜನ ಯಾವತ್ತೂ ನೋಡಿರದ ಬಗೆಯ ಚಿಲಕ ಇತ್ತು. ಬಾಗಿಲ ಮುಂದೆಯೇ ನಿಂತಿದ್ದರೂ ಅದನ್ನು ತೆಗೆಯುವುದು ಹೇಗೆ ಅಂತ ಅವರಿಗೆ ಗೊತ್ತಾಗಲಿಲ್ಲ. ಆ ದಿನದ ಆಟಕ್ಕೆ ಕಾರ್ಲ್ ಪ್ರಿನ್ಸ್ಲರ್ ಎಂಬ ಹಾರ್ಡ್‌ವೇರ್ ವ್ಯಾಪಾರಿಯೂ ಹೋಗಬೇಕಿತ್ತು, ಕೆಲಸ ಬಂದು ತಪ್ಪಿತು. ಆ ಸುದ್ದಿ ಅವರನ್ನು ಸುಮ್ನೆ ಕೂರಲು ಬಿಡಲಿಲ್ಲ. ಕಟ್ಟಡ ವಿನ್ಯಾಸದ ಎಂಜಿನಿಯರ್ ಹೆನ್ರಿ ಡುಪಾಂಟ್ ಜೊತೆ ಸೇರಿ ಒಂದು ಅಡ್ಡಪಟ್ಟಿಯ ಸಾಧನ ಮಾಡಿಸಿದರು. 1908ರಲ್ಲಿ ಅದು ಮಾರುಕಟ್ಟೆಗೆ ಬಂತು. ನಾವು ಇವತ್ತು ಪ್ಯಾನಿಕ್ ಬಾರ್ ಅನ್ನುವುದು ಅದರ ಮೊಮ್ಮಗನನ್ನೇ.

ಇಲ್ಲಿ ನನ್ನ ಪಕ್ಕದಲ್ಲಿ ಚೌಕಟ್ಟು ಸಮೇತ ಒಂದು ಬಾಗಿಲು ತಂದು ನಿಲ್ಲಿಸಿದ್ದೇನೆ. ಈ ಬಾರ್ ನೋಡಿ. ಇದಕ್ಕೆ ಹಿಡಿಕೆ ಇಲ್ಲ, ತಿರುಗಿಸುವ ಗುಂಡಿ ಇಲ್ಲ. ಒತ್ತಿದರೆ ಒಳಗಿನ ಲಿವರ್ ಲ್ಯಾಚ್ ಅನ್ನು, ಅಂದರೆ ಬಾಗಿಲನ್ನು ಚೌಕಟ್ಟಿಗೆ ಹಿಡಿದಿಡುವ ನಾಲಿಗೆಯನ್ನು, ಹಿಂದಕ್ಕೆ ಎಳೆಯುತ್ತದೆ. ಟಕ್ ಅಂತ ಸದ್ದು ಬಂತಲ್ವಾ? ಅಷ್ಟೇ ಕೆಲಸ. ಕಣ್ಣಿಗೆ ಹೊಗೆ ತುಂಬಿದ್ದರೂ, ಎರಡೂ ಕೈಯಲ್ಲಿ ಮಗುವನ್ನು ಎತ್ತಿಕೊಂಡಿದ್ದರೂ, ಹಿಂದಿನವರು ನೂಕಿ ಬಾಗಿಲ ಮೇಲೆ ಬಿದ್ದರೂ ಇದು ತೆರೆಯಬೇಕು. ನಿಯಮದಲ್ಲಿರುವ ಅಳತೆಗಳೆಲ್ಲ ಹುಟ್ಟಿರುವುದು ಇದರಿಂದಲೇ.

ಅಮೆರಿಕದ ನಿಯಮದಂತೆ ಒತ್ತುವ ಭಾಗ ಬಾಗಿಲ ಅಗಲದ ಅರ್ಧಕ್ಕಿಂತ ಕಡಿಮೆ ಇರಬಾರದು. ನೆಲದಿಂದ 34 ಇಂಚಿಗೂ 48 ಇಂಚಿಗೂ ನಡುವೆ ಇರಬೇಕು. ಅಂದರೆ ಹೆಚ್ಚುಕಮ್ಮಿ ಸೊಂಟದಿಂದ ಎದೆಯವರೆಗಿನ ಜಾಗ. ಲ್ಯಾಚ್ ಬಿಚ್ಚಲು 15 ಪೌಂಡ್, ಅಂದರೆ ಸುಮಾರು 7 ಕೆ.ಜಿ. ತೂಕದಷ್ಟು ಒತ್ತಡ ಸಾಕಾಗಬೇಕು. ಯುರೋಪಿನ ಇಎನ್ 1125 ಮಾನದಂಡದಲ್ಲಿರುವ ಒಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಗುಂಪು ನೂಕುತ್ತಿದ್ದಾಗ ಬಾಗಿಲೇ ಲ್ಯಾಚ್ ಅನ್ನು ಬಿಗಿಯಾಗಿ ಅದುಮಿ ಹಿಡಿಯುತ್ತದೆ. ಅದಕ್ಕೆ ಬಾಗಿಲ ಮೇಲೆ 1000 ನ್ಯೂಟನ್, ಅಂದರೆ ಸುಮಾರು 100 ಕೆ.ಜಿ. ತೂಕದಷ್ಟು, ಒತ್ತಡ ಹಾಕಿಟ್ಟು ಬಾರ್ ಒತ್ತಿ ನೋಡುತ್ತಾರೆ. ಆಗಲೂ 220 ನ್ಯೂಟನ್ ಒಳಗೆ ಬಿಚ್ಚಿಕೊಳ್ಳಬೇಕು. ಖಾಲಿ ಕೋಣೆಯಲ್ಲಿ ಸಲೀಸಾಗಿ ತೆರೆಯುವ ಬಾಗಿಲೂ ಜನ ಒತ್ತಿ ನಿಂತಾಗ ಕೈಕೊಡಬಹುದು ಅಂತ ಯಾರೋ ಕೂತು ಯೋಚಿಸಿದ್ದಾರೆ.

ಎಲ್ಲಿ ಬೇಕು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಅಮೆರಿಕದಲ್ಲಿ ಬಳಸುವ ಕಟ್ಟಡ ನಿಯಮಾವಳಿ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಜನ ಸೇರುವ ಸಭಾಂಗಣ ಮತ್ತು ಶಾಲೆಗಳಲ್ಲಿ 50 ಜನರಿಂದ ಶುರು. ಅಲ್ಲಿನ ಅಗ್ನಿ ಸುರಕ್ಷತಾ ಸಂಸ್ಥೆಯ ನಿಯಮಾವಳಿ ಎನ್‌ಎಫ್‌ಪಿಎ 101 ಪ್ರಕಾರ 100. ಬಾಗಿಲಿಗೆ ಲ್ಯಾಚ್ ಅಥವಾ ಬೀಗ ಇದ್ದರೆ ಮಾತ್ರ ಈ ಮಾತು. ಸುಮ್ನೆ ತಳ್ಳಿದರೆ ತೆರೆಯುವ, ಲ್ಯಾಚೇ ಇಲ್ಲದ ಬಾಗಿಲಿಗೆ ಬಾರ್ ಬೇಕಿಲ್ಲ.

ಬೆಂಕಿ ತಡೆಯುವ ಬಾಗಿಲಿಗೆ ಬೇರೆ ಬಗೆಯ ಬಾರ್ ಬೇಕು. ಮಾಮೂಲಿ ಬಾರ್‌ನಲ್ಲಿ ಲ್ಯಾಚ್ ಒಳಗೇ ನಿಲ್ಲುವ ಹಾಗೆ ಕೀ ಹಾಕಿ ಹಿಡಿದಿಡಬಹುದು. ಬೆಂಕಿ ಬಾಗಿಲಲ್ಲಿ ಅದಕ್ಕೆ ಅವಕಾಶ ಇಲ್ಲ. ಮುಚ್ಚಿದ ತಕ್ಷಣ ಲ್ಯಾಚ್ ಬೀಳಲೇಬೇಕು. ಇಲ್ಲದಿದ್ದರೆ ಬೆಂಕಿಯ ಒತ್ತಡಕ್ಕೆ ಕದ ತೆರೆದುಕೊಂಡು ಜನ ಇಳಿಯುವ ಮೆಟ್ಟಿಲಿಗೇ ಹೊಗೆ ನುಗ್ಗುತ್ತದೆ. ಕೊಳ್ಳುವಾಗ ಲೇಬಲ್ ಓದಿ. ಬೆಂಕಿ ಬಾಗಿಲಿಗೆ ಅಂತಲೇ ಪರೀಕ್ಷೆ ಆಗಿದ್ದು ಇರಬೇಕು.

ಈಗ ನನ್ನನ್ನು ತುಂಬಾ ಕಾಡುವ ವಿಷಯ. ಒಮ್ಮೆ ಒಂದು ಸಭಾಂಗಣದಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಹಿಂದಿನ ಬಾಗಿಲು ನೋಡಲು ಹೋದೆ. ಒಳ್ಳೆಯ ಬಾರ್ ಹಾಕಿದ್ದರು. ಅದರ ಸುತ್ತ ಸರಪಳಿ ಬಿಗಿದು ಬೀಗ ಜಡಿದಿದ್ದರು. ಕೇಳಿದರೆ, "ಟಿಕೆಟ್ ಇಲ್ಲದವರು ನುಗ್ಗುತ್ತಾರೆ ಸಾರ್" ಅಂದರು. ಕೀ ಯಾರ ಹತ್ತಿರ ಅಂದೆ. ಕೀ ಇಟ್ಟುಕೊಂಡಿದ್ದವರು ಊಟಕ್ಕೆ ಹೋಗಿದ್ದರು. ಒಳಗೆ ಕುರ್ಚಿಗಳು ಆಗಲೇ ತುಂಬುತ್ತಿದ್ದವು. ಅವರು ಬಂದು ಬೀಗ ತೆಗೆಯುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

ಹೊರಗಿನವರು ಬರಬಾರದು ಅನ್ನುವ ಚಿಂತೆ ತಪ್ಪಲ್ಲ. ಅದಕ್ಕೆ ದಾರಿ ಇದೆ. ಹೊರಗಡೆ ಕೀ ಇಲ್ಲದೆ ತೆರೆಯದ ಹಾಗೆ ಮಾಡಬಹುದು, ಅಥವಾ ಹೊರಗೆ ಹಿಡಿಕೆಯನ್ನೇ ಹಾಕದೆ ಬಿಡಬಹುದು. ಯಾರಾದರೂ ಒಳಗಿನಿಂದ ತೆರೆದರೆ ಕೂಗುವ ಅಲಾರಂ ಕೂಡಿಸಿದ ಬಾರ್‌ಗಳೂ ಸಿಗುತ್ತವೆ. ಆದರೆ ಒಳಗಡೆ ಕೀ, ಸರಪಳಿ, ಇನ್ನೊಂದು ಚಿಲಕ ಯಾವುದೂ ಇರಬಾರದು. ರಾತ್ರಿ ಮಾತ್ರ ಹಾಕುತ್ತೇವೆ ಅನ್ನುವವರಿದ್ದಾರೆ. ಬೆಳಿಗ್ಗೆ ತೆಗೆಯಲು ಮರೆಯಲು ಒಂದೇ ದಿನ ಸಾಕು.

ನೋಡಿಕೊಳ್ಳುವ ಕೆಲಸವೂ ಇದೆ. ಎರಡು ಕದದ ಬಾಗಿಲಲ್ಲಿ ಬಾರ್‌ನಿಂದ ಮೇಲಕ್ಕೊಂದು ಕೆಳಕ್ಕೊಂದು ಸರಳು ಹೋಗುತ್ತದೆ. ಕೆಳಗಿನ ಸರಳು ಕೂರುವ ನೆಲದ ತೂತಿನಲ್ಲಿ ಮಣ್ಣು, ಕಸ ತುಂಬುತ್ತದೆ. ಆಗ ಸರಳು ಪೂರ್ತಿ ಇಳಿಯುವುದಿಲ್ಲ, ಬಾಗಿಲು ಮುಚ್ಚಿ ನಿಲ್ಲುವುದಿಲ್ಲ. ಯಾರೋ ಹಗ್ಗ ಕಟ್ಟುತ್ತಾರೆ. ಒಂದು ಮೊಳೆಯಿಂದ ಆ ಕಸ ಕೆದಕಿ ತೆಗೆದಿದ್ದರೆ ಹಗ್ಗವೇ ಬೇಕಿರಲಿಲ್ಲ. ಕೀಲು ಸಡಿಲಾಗಿ ಕದ ಜೋತು ನೆಲಕ್ಕೆ ತಾಗುತ್ತಿದೆಯಾ, ಬಣ್ಣ ಬಳಿದಾಗ ಅಂಚು ಅಂಟಿಕೊಂಡಿದೆಯಾ ನೋಡಿ. ಬಾಗಿಲು ದಾಟಿ ಆಚೆಗೂ ನಾಲ್ಕು ಹೆಜ್ಜೆ ನಡೆಯಿರಿ. ಆಚೆ ರಟ್ಟಿನ ಪೆಟ್ಟಿಗೆ ಪೇರಿಸಿದ್ದರೆ ಬಾರ್ ಇದ್ದೂ ಏನು ಬಂತು?

ನನ್ನ ಮಾತು ಇಷ್ಟೇ. ಈಗ ಒಬ್ಬೊಬ್ಬರಾಗಿ ಮೇಲೆ ಬನ್ನಿ. ಕೈ ಹಿಂದೆ ಕಟ್ಟಿಕೊಂಡು, ಕಣ್ಣು ಮುಚ್ಚಿ, ಸೊಂಟದಿಂದ ಈ ಬಾರ್ ಒತ್ತಿ ನೋಡಿ.