ಬಾತುಕೋಳಿ ಹೌದೋ ಅಲ್ಲವೋ: ಪೈಥಾನ್‌ನಲ್ಲಿ ಆಬ್ಜೆಕ್ಟ್ ಪರೀಕ್ಷೆ

ಕೇಳುಗರಿಗೆ ನಮಸ್ಕಾರ.

ಬಾತುಕೋಳಿಯ ಹಾಗೆ ನಡೆದು, ಬಾತುಕೋಳಿಯ ಹಾಗೆ ಕೂಗಿದರೆ ಅದನ್ನು ಬಾತುಕೋಳಿ ಎಂದೇ ಎಣಿಸು. ಪೈಥಾನ್, ರೂಬಿಯಂಥ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಈ ರೂಢಿಗೆ ಡಕ್ ಟೈಪಿಂಗ್ ಎಂದು ಹೆಸರು. ಫೈಲ್ ಓದುವ ಫಂಕ್ಷನ್‌ಗೆ ಬೇಕಾದದ್ದು ರೀಡ್ ಎಂಬ ಮೆಥಡ್, ಅಂದರೆ ಆಬ್ಜೆಕ್ಟಿಗೇ ಸೇರಿದ ಫಂಕ್ಷನ್, ಮಾತ್ರ. ಬಂದದ್ದು ಡಿಸ್ಕಿನ ಫೈಲೋ, ಟೆಸ್ಟಿಗೆಂದು ಮೆಮೊರಿಯಲ್ಲೇ ಕಟ್ಟಿದ ಸ್ಟ್ರಿಂಗ್‌ಐಓ ಆಬ್ಜೆಕ್ಟೋ, ಅದಕ್ಕೆ ಬೇಕಿಲ್ಲ. ಈ ಸಲಿಗೆ ಉಳಿಯಬೇಕು. ಕಂಡಕಂಡಲ್ಲಿ ಇಸ್‌ಇನ್‌ಸ್ಟನ್ಸ್ ಹಾಕಿ, ಇದು ಯಾವ ಕ್ಲಾಸಿನದು ಎಂದು ಕುಲಗೋತ್ರ ವಿಚಾರಿಸಿದರೆ ಅದು ಹೋಗುತ್ತದೆ.

ಒಂದು ಕಡೆ ಮಾತ್ರ ವಿಚಾರಿಸಲೇಬೇಕು. ಊರುಗಳ ಪಟ್ಟಿ ಪಡೆದು, ಸಾಲಿಗೊಂದರಂತೆ ಮುದ್ರಿಸುವ ಫಂಕ್ಷನ್ ಇದೆ ಅನ್ನಿ. ಪಟ್ಟಿಯ ಬದಲು ಮಂಡ್ಯ ಎಂಬ ಒಂದೇ ಸ್ಟ್ರಿಂಗ್, ಅಂದರೆ ಅಕ್ಷರಗಳ ಸರಣಿ, ಕೊಟ್ಟರೆ ಎರರ್ ಬರುವುದೇ ಇಲ್ಲ. ಒಂದೊಂದನ್ನೇ ತೆಗೆದು ಕೊಡುವ ಫಾರ್ ಲೂಪಿಗೆ ಸ್ಟ್ರಿಂಗ್ ಕೂಡ ಒಗ್ಗುತ್ತದಲ್ಲ! ಐದು ಸಾಲು ಮೂಡುತ್ತವೆ: ಮ, ಅನುಸ್ವಾರ, ಡ, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ, ಯ. ಕಣ್ಣಿಗೆ ಎರಡಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಐದು. ಸದ್ದಿಲ್ಲದೆ ನಡೆದುಹೋಗುವ ಇಂಥ ತಪ್ಪೇ ದೊಡ್ಡ ಕಾಟ. ಬಂದದ್ದು ಸ್ಟ್ರಿಂಗ್ ಆದರೆ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಟೈಪ್‌ಎರರ್ ಎಬ್ಬಿಸಿ.

ಲೂಪಿಗೆ ಒಗ್ಗುತ್ತದೆಯೇ ಎಂದು ತಿಳಿಯಲು ಐಟರ್ ಫಂಕ್ಷನ್ ಕರೆದು ನೋಡುವುದೇ ಖಚಿತ. ಗೆಟ್‌ಐಟಂ ಮೆಥಡ್ ಒಂದನ್ನೇ ಬರೆದ ಹಳೆಯ ಕ್ಲಾಸುಗಳೂ ಲೂಪಿನಲ್ಲಿ ನಡೆಯುತ್ತವೆ, ಆದರೆ ಐಟರಬಲ್, ಅಂದರೆ ಲೂಪಿಗೆ ಒಗ್ಗುವಂಥದ್ದು, ಹೌದೇ ಎಂಬ ಇಸ್‌ಇನ್‌ಸ್ಟನ್ಸ್ ಪ್ರಶ್ನೆಗೆ ಇಲ್ಲ ಎಂದೇ ಉತ್ತರ ಬರುತ್ತದೆ.

ಮೆಥಡ್ ಇದೆಯೇ ಎಂದು ತಿಳಿಯಲು, ಎರರ್ ಹಿಡಿಯುವ ಟ್ರೈ ಬಳಸುವಾಗ ಎಚ್ಚರ. ರೀಡ್ ಕರೆಯುವುದನ್ನೇ ಟ್ರೈ ಒಳಗಿಟ್ಟು, ಆ ಹೆಸರೇ ಇಲ್ಲ ಎನ್ನುವ ಆಟ್ರಿಬ್ಯೂಟ್‌ಎರರ್ ಹಿಡಿದರೆ, ರೀಡ್ ಒಳಗೇ ಹುಟ್ಟಿದ ಬೇರೆ ಆಟ್ರಿಬ್ಯೂಟ್‌ಎರರ್ ಕೂಡ ಅದರಲ್ಲೇ ಮುಚ್ಚಿಹೋಗುತ್ತದೆ. ಆಮೇಲೆ ದಿನಗಟ್ಟಲೆ ಹುಡುಕಾಟ. ಟ್ರೈ ಒಳಗೆ ಮೆಥಡ್ಡನ್ನು ಒಂದು ವೇರಿಯಬಲ್‌ಗೆ ತೆಗೆದುಕೊಳ್ಳಿ, ಅಷ್ಟೇ. ಕರೆಯುವುದು ಅದರ ಹೊರಗೆ, ಎಲ್ಸ್ ಭಾಗದಲ್ಲಿ.

2019ರಲ್ಲಿ ಬಂದ ಪೈಥಾನ್ 3.8 ಪ್ರೋಟೋಕಾಲ್ ಎಂಬ ಸವಲತ್ತು ಕೊಟ್ಟಿತು. ಯಾವ ಮೆಥಡ್ ಬೇಕು, ಅದು ಏನು ಹಿಂದಿರುಗಿಸಬೇಕು ಎಂದು ಬರೆದಿಟ್ಟರೆ ಮೈಪೈಯಂಥ ಸಾಧನ ಪ್ರೋಗ್ರಾಂ ಓಡುವ ಮೊದಲೇ ಹೋಲಿಸಿ ನೋಡುತ್ತದೆ. ಕ್ಲಾಸು ಅದರಿಂದ ಇನ್‌ಹೆರಿಟ್ ಆಗಬೇಕಿಲ್ಲ. ಆದರೆ ರನ್‌ಟೈಮ್‌ಚೆಕಬಲ್ ಎಂದು ಗುರುತು ಹಾಕಿ, ಓಡುವಾಗ ಇಸ್‌ಇನ್‌ಸ್ಟನ್ಸ್‌ನಿಂದ ಕೇಳಿದರೆ, ಅದು ಹ್ಯಾಸ್‌ಆಟ್ರ್‌ನಂತೆ ಹೆಸರಿದೆಯೇ ಎಂದಷ್ಟೇ ನೋಡುತ್ತದೆ. ಬೈನರಿ ಮೋಡಿನಲ್ಲಿ ತೆರೆದ ಫೈಲಿಗೂ ರೀಡ್ ಇದೆ. ಕೊಡುವುದು ಮಾತ್ರ ಸ್ಟ್ರಿಂಗ್ ಅಲ್ಲ, ಬೈಟ್ಸ್, ಅಂದರೆ ಕಚ್ಚಾ ಸಂಖ್ಯೆಗಳು. ಪರೀಕ್ಷೆ ಪಾಸಾಗಿ, ಹತ್ತು ಸಾಲು ಕೆಳಗೆ ಸ್ಟ್ರಿಂಗ್ ಜೋಡಿಸುವಾಗ ಕುಸಿಯುತ್ತದೆ.

ಅದಕ್ಕೊಂದು ಸುಲಭದ ಉಪಾಯವಿದೆ. ರೀಡ್‌ಗೆ 0 ಕೊಟ್ಟು ಕರೆಯಿರಿ. ಫೈಲಿನಿಂದ ಒಂದಕ್ಷರವೂ ಖರ್ಚಾಗುವುದಿಲ್ಲ. ಬಂದದ್ದು ಖಾಲಿ ಸ್ಟ್ರಿಂಗೋ ಖಾಲಿ ಬೈಟ್ಸೋ ಎಂದು ಅಲ್ಲೇ ತಿಳಿಯುತ್ತದೆ.

ನಮಸ್ಕಾರ.