ಟ್ರೈಲರ್ ಹಿಂದಿನ ಕೆಂಪು ದೀಪ ನೋಡುವವರು ಯಾರು?

ಒಂದು ಸಂಜೆ ಸಿಗ್ನಲ್‌ನಲ್ಲಿ ನಿಂತಿದ್ದೆ. ಹಿಂದಿನ ಕಾರಿನವರು ಇಳಿದು, ಟ್ರೈಲರ್ ಉದ್ದಕ್ಕೂ ನಡೆದು ಬಂದು ನನ್ನ ಬಾಗಿಲು ತಟ್ಟಿದರು. ಗ್ಲಾಸ್ ಇಳಿಸಿದೆ. "ಅಣ್ಣಾ, ನಿಮ್ಮ ಬ್ರೇಕ್ ಲೈಟ್ ಒಂದೂ ಉರೀತಾ ಇಲ್ಲ. ಎರಡು ಸಲ ಸ್ವಲ್ಪದರಲ್ಲಿ ತಪ್ಪಿತು," ಅಂದರು. ಬೈಯಲಿಲ್ಲ. ಅಷ್ಟು ಹೇಳಿ ವಾಪಸ್ ಹೋದರು. ಸಿಗ್ನಲ್ ಬಿಟ್ಟ ಮೇಲೆ ಅವರು ನನ್ನನ್ನು ದಾಟಿ ಹೋಗುವಾಗ ನೋಡಿದೆ, ಹಿಂದಿನ ಸೀಟಿನಲ್ಲಿ ಒಂದು ಮಗು ನಿದ್ದೆ ಮಾಡುತ್ತಿತ್ತು. ನನಗೆ ಎದೆ ಧಸಕ್ ಅಂತು.

ಆ ಬೆಳಿಗ್ಗೆ ನಾನು ಗಾಡಿ ನೋಡದೇ ಹೊರಟಿರಲಿಲ್ಲ. ಟೈರ್ ನೋಡಿದ್ದೆ, ಬ್ರೇಕಿಗೆ ಗಾಳಿ ಒಯ್ಯುವ ಏರ್ ಪೈಪ್ ನೋಡಿದ್ದೆ, ಬಾಗಿಲಿನ ಚಿಲಕ ಎಳೆದು ನೋಡಿದ್ದೆ. ಹಜಾರ್ಡ್ ಲೈಟ್, ಅಂದರೆ ಎರಡೂ ಕಡೆಯ ಇಂಡಿಕೇಟರ್ ಒಟ್ಟಿಗೆ ಹಾಕಿ ಹಿಂದೆ ಹೋಗಿದ್ದೆ, ಎರಡೂ ಕಡೆ ಚೆನ್ನಾಗಿ ಮಿನುಗುತ್ತಿತ್ತು. ರಾತ್ರಿ ಹಿಂದೆ ಉರಿಯುತ್ತಲೇ ಇರುವ ಕೆಂಪು ಟೇಲ್ ಲೈಟೂ ಉರಿಯುತ್ತಿತ್ತು. ಅಷ್ಟಕ್ಕೇ ಲೈಟ್ ಸರಿಯಿದೆ ಅಂತ ಟಿಕ್ ಹಾಕಿದ್ದೆ. ಬ್ರೇಕ್ ಲೈಟ್ ಮಾತ್ರ ನೋಡಿರಲಿಲ್ಲ. ಹೇಗೆ ನೋಡಲಿ? ಕಾಲು ಪೆಡಲ್ ಮೇಲಿರಬೇಕು, ಕಣ್ಣು ಹಿಂದಿರಬೇಕು. ನಡುವೆ 16 ಮೀಟರ್ ಟ್ರೈಲರ್. ನಾನು ಒಬ್ಬನೇ.

ಜೊತೆಗೆ ಕ್ಲೀನರ್ ಇದ್ದರೆ ಇದು ಮಾತಾಡುವ ವಿಷಯವೇ ಅಲ್ಲ. "ಒತ್ತಿ" ಅಂತಾನೆ, ಒತ್ತುತ್ತೇವೆ, "ಆಯ್ತು" ಅಂತಾನೆ, ಮುಗೀತು. ಆದರೆ ಇವತ್ತು ದೊಡ್ಡ ಟ್ರೈಲರ್ ಓಡಿಸುವ ಎಷ್ಟೋ ಜನ ಒಂಟಿಯಾಗಿಯೇ ಓಡಿಸುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಯಾರ್ಡ್‌ನಲ್ಲಿ ಕರೆಯೋಣ ಅಂದರೆ ಯಾರೂ ಇರುವುದಿಲ್ಲ. ಹಾಗಾಗಿ ಗಾಡಿಯಲ್ಲಿರುವ ಅಷ್ಟೂ ಲೈಟುಗಳಲ್ಲಿ ಇದೊಂದನ್ನೇ ಅಂದಾಜಿನ ಮೇಲೆ ಬಿಡುತ್ತೇವೆ. ಹಿಂದೆ ಬರುವವರಿಗೆ ನಾವು ನಿಲ್ಲುತ್ತಿದ್ದೇವೆ ಅಂತ ಹೇಳುವುದು ಅದೊಂದೇ ಲೈಟು, ಅಲ್ವಾ?

ಮೊದಲು ಆ ಹಜಾರ್ಡ್ ಲೈಟಿನ ನಂಬಿಕೆ ಬಗ್ಗೆ ಹೇಳಿಬಿಡುತ್ತೇನೆ. ನನ್ನನ್ನು ಕೆಡಿಸಿದ್ದು ಅದೇ. "ಇಂಡಿಕೇಟರ್ ಉರೀತು, ಬ್ರೇಕೂ ಉರಿಯುತ್ತೆ" ಅಂತ ತುಂಬಾ ಜನ ಹೇಳುತ್ತಾರೆ. ಟ್ರಕ್‌ನಿಂದ ಟ್ರೈಲರ್ ಲೈಟುಗಳಿಗೆ ಕರೆಂಟ್ ಕೊಡುವ ಪ್ಲಗ್ ಒಂದಿದೆ, ಉತ್ತರ ಅಮೆರಿಕದ್ದನ್ನು ತೆಗೆದು ನೋಡಿ. 7 ಪಿನ್ ಇರುತ್ತದೆ. ಎಡ ಇಂಡಿಕೇಟರ್‌ಗೆ ಹಳದಿ ವೈರ್, ಬಲಕ್ಕೆ ಹಸಿರು, ಟೇಲ್ ಲೈಟಿಗೆ ಕಂದು, ಬ್ರೇಕಿಗೆ ಕೆಂಪು. ಬೇರೆ ಬೇರೆ ವೈರ್, ಬೇರೆ ಬೇರೆ ಪಿನ್. ಯುರೋಪಿನಲ್ಲಿ ಪ್ಲಗ್ ಬೇರೆ, 12 ವೋಲ್ಟ್ ಬದಲು 24 ವೋಲ್ಟ್, ಆದರೆ ಅಲ್ಲೂ ಬ್ರೇಕಿನ ದಾರಿ ಬೇರೆಯೇ. ಹಳದಿ, ಹಸಿರು ಎರಡೂ ಗಟ್ಟಿಮುಟ್ಟಾಗಿದ್ದು ಕೆಂಪು ಒಂದೇ ಸತ್ತಿರಬಹುದು. ನನ್ನ ಗಾಡಿಯಲ್ಲಿ ಆಗಿದ್ದು ಅದೇ. ಆ ಸಂಜೆ ಮುಂದೆ ಜಾಗ ಸಿಕ್ಕ ತಕ್ಷಣ ಗಾಡಿ ಪಕ್ಕಕ್ಕೆ ಹಾಕಿ ಪ್ಲಗ್ ಬಿಚ್ಚಿ ಟಾರ್ಚ್ ಹಿಡಿದೆ. ಆರು ಪಿನ್ ಹಿತ್ತಾಳೆ ಬಣ್ಣದಲ್ಲೇ ಇದ್ದವು. ಬ್ರೇಕಿನ ಪಿನ್ ಒಂದರ ಮೇಲೆ ಹಸಿರು ಕಿಲುಬು, ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರಿತು. ಉಜ್ಜಿ, ಸೀಳಿದ್ದ ಪಿನ್ನನ್ನು ಚಾಕುವಿನ ತುದಿಯಿಂದ ಸ್ವಲ್ಪ ಅಗಲಿಸಿ ಮತ್ತೆ ಹಾಕಿದೆ. ಉರಿಯಿತು. ಅಷ್ಟೇ ಕೆಲಸ ಇದ್ದದ್ದು.

ಟೇಲ್ ಲೈಟೂ ಹೀಗೆಯೇ ಮೋಸ ಮಾಡುತ್ತದೆ. ಹಳೇ ಬಲ್ಬ್ ಇರುವ ಟ್ರೈಲರ್‌ಗಳಲ್ಲಿ ಒಂದೇ ಗಾಜಿನೊಳಗೆ ಎರಡು ತಂತಿ ಇರುತ್ತವೆ. ಯುರೋಪಿನ ಪಿ21/5ಡಬ್ಲ್ಯೂ ಬಲ್ಬಿನ ಹೆಸರೇ ಅದನ್ನು ಹೇಳುತ್ತದೆ, ಬ್ರೇಕಿಗೆ 21 ವ್ಯಾಟ್, ಟೇಲಿಗೆ 5 ವ್ಯಾಟ್. ದಪ್ಪ ತಂತಿ ಕಡಿದುಹೋದರೂ ಸಣ್ಣದು ಉರಿಯುತ್ತಲೇ ಇರುತ್ತದೆ. ದೂರದಿಂದ ನೋಡಿದರೆ ಬಲ್ಬ್ ಚೆನ್ನಾಗಿದೆ ಅನ್ನಿಸುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದಕ್ಕೂ ಸರಿಹೊಂದುತ್ತದೆ.

ಹಾಗಾದರೆ ಒಬ್ಬರೇ ಇದ್ದಾಗ ಏನು ಮಾಡುವುದು? ನಾನು ಎಲ್ಲ ದಾರಿಗಳನ್ನೂ ಮಾಡಿ ನೋಡಿದ್ದೇನೆ.

ಹ್ಯಾಂಡ್ ವಾಲ್ವ್ ಇರುವ ಟ್ರಕ್ ಆದರೆ ಸುಲಭ. ಸ್ಟೀರಿಂಗ್ ಹತ್ತಿರದ ಆ ಹಿಡಿಯನ್ನು ಎಳೆದರೆ ಟ್ರೈಲರ್ ಬ್ರೇಕ್ ಮಾತ್ರ ಹಿಡಿಯುತ್ತದೆ, ಎಷ್ಟೋ ಟ್ರಕ್‌ಗಳಲ್ಲಿ ಬ್ರೇಕ್ ಲೈಟೂ ಹತ್ತುತ್ತದೆ. ಕೆಲವು ಗಾಡಿಗಳಲ್ಲಿ ಹಿಡಿ ಎಳೆದ ಕಡೆಯೇ ನಿಲ್ಲುತ್ತದೆ. ಕೆಲವದರಲ್ಲಿ ಸ್ಪ್ರಿಂಗ್ ವಾಪಸ್ ಎಳೆದುಕೊಳ್ಳುತ್ತದೆ, ಆಗ ಒಂದು ರಬ್ಬರ್ ಪಟ್ಟಿಯಿಂದ ಕಟ್ಟಬೇಕು. ಆದರೆ ಇದರ ಮೇಲೆ ಗಾಡಿ ನಿಲ್ಲಿಸಿ ಇಳಿಯಬೇಡಿ. ಗಾಳಿ ಸೋರಿ ಖಾಲಿಯಾದರೆ ಆ ಬ್ರೇಕ್ ಹಿಡಿದಿರುವುದಿಲ್ಲ. ಪಾರ್ಕಿಂಗ್ ಬ್ರೇಕ್ ಹಾಕಿ, ಟೈರಿಗೆ ಅಡ್ಡ ಕೊಟ್ಟು, ಆಮೇಲೆ ಇಳಿಯಿರಿ. ಇನ್ನೊಂದು ಮಾತು. ಹ್ಯಾಂಡ್ ವಾಲ್ವ್ ಎಳೆದಾಗ ಲೈಟ್ ಹತ್ತಿದರೆ ಬಲ್ಬ್, ವೈರ್, ಪ್ಲಗ್ ಸರಿ ಅಂತ ಗೊತ್ತಾಯಿತು. ಕಾಲಿನ ಪೆಡಲ್ ಒತ್ತಿದಾಗಲೂ ಹತ್ತುತ್ತದೆ ಅಂತ ಗೊತ್ತಾಗಲಿಲ್ಲ. ರಸ್ತೆಯಲ್ಲಿ ನಾವು ಒತ್ತುವುದು ಪೆಡಲನ್ನು.

ಪೆಡಲಿಗೂ ಸೀಟಿಗೂ ನಡುವೆ ಕೋಲು ಕೊಡುವುದು ತುಂಬಾ ಹಳೇ ಪದ್ಧತಿ. ನಾನೂ ಒಂದು ಇಟ್ಟಿದ್ದೇನೆ, ಅಳತೆಗೆ ಕೊಯ್ದ ಮರದ ಕೋಲು, ಪೆಡಲ್ ಕಡೆಯ ತುದಿಗೆ ಜಾರದಂತೆ ರಬ್ಬರ್ ಹೊಡೆದಿದ್ದೇನೆ. ಇದರಲ್ಲಿ ಎರಡು ವಿಷಯ ತಿಳಿದಿರಬೇಕು. ಎಷ್ಟೋ ಟ್ರಕ್‌ಗಳಲ್ಲಿ ಬ್ರೇಕ್ ಲೈಟಿನ ಸ್ವಿಚ್ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ರಾತ್ರಿಯಿಡೀ ನಿಂತು ಏರ್ ಟ್ಯಾಂಕ್ ಖಾಲಿಯಾಗಿದ್ದರೆ ಪೆಡಲ್ ಎಷ್ಟು ಒತ್ತಿದರೂ ಲೈಟ್ ಹತ್ತುವುದಿಲ್ಲ. ಸುಮ್ನೆ ಬಲ್ಬ್ ಬಿಚ್ಚಿಕೊಂಡು ಕೂರಬೇಕಾಗುತ್ತದೆ. ಆದ್ದರಿಂದ ಮೊದಲು ಗಾಳಿ ತುಂಬಿಸಿ, ಇಂಜಿನ್ ಆಫ್ ಮಾಡಿ, ಆಮೇಲೆ ಕೋಲು. ಆ ಸ್ವಿಚ್‌ಗೆ ಸ್ವಲ್ಪ ಒತ್ತಡ ಸಾಕು, ಹಾಗಾಗಿ ಪೆಡಲನ್ನು ನೆಲಕ್ಕೆ ಅಂಟುವಷ್ಟು ಒತ್ತಬೇಡಿ. ಪಾರ್ಕಿಂಗ್ ಬ್ರೇಕ್ ಹಾಕಿದಾಗ ದೊಡ್ಡ ಸ್ಪ್ರಿಂಗ್ ಆಗಲೇ ಬ್ರೇಕನ್ನು ಹಿಡಿದಿರುತ್ತದೆ. ಅದರ ಮೇಲೆ ಗಾಳಿಯ ಬಲವೂ ಪೂರ್ತಿ ಬಿದ್ದರೆ ಬ್ರೇಕಿನ ಭಾಗಗಳಿಗೆ ಪೆಟ್ಟು. ತುಂಬಾ ಗಾಡಿಗಳಲ್ಲಿ ಇದನ್ನು ತಡೆಯುವ ವಾಲ್ವ್ ಇದೆ, ಆದರೂ ಹಗುರವಾಗಿ ಒತ್ತುವುದೇ ಒಳ್ಳೆಯದು.

ಕೋಲನ್ನು ಮರೆಯುವ ಭಯವೂ ಇದೆ. ನನ್ನ ಕೋಲಿಗೆ ಒಂದು ಉದ್ದನೆಯ ಕೆಂಪು ಬಟ್ಟೆ ಕಟ್ಟಿದ್ದೇನೆ. ಕೋಲು ಕೊಟ್ಟಾಗ ಬಟ್ಟೆಯ ಇನ್ನೊಂದು ತುದಿ ಸ್ಟೀರಿಂಗ್‌ಗೆ ಗಂಟು. ಗಂಟು ಬಿಚ್ಚದೆ ಸ್ಟೀರಿಂಗ್ ತಿರುಗಿಸಲು ಆಗುವುದಿಲ್ಲ.

ಗೋಡೆಯಲ್ಲಿ ನೋಡುವುದೂ ಇದೆ. ರಾತ್ರಿ ಲೋಡಿಂಗ್ ಜಾಗಕ್ಕೆ ಹಿಂದೆ ತೆಗೆದುಕೊಳ್ಳುವಾಗ ಬ್ರೇಕ್ ಒತ್ತಿದರೆ ಗೋಡೆ ಕೆಂಪಾಗುವುದು ಕನ್ನಡಿಯಲ್ಲಿ ಕಾಣುತ್ತದೆ. ಒಳ್ಳೆಯದೇ. ಆದರೆ ಒಂದೇ ಲೈಟ್ ಉರಿದರೂ ಗೋಡೆ ಕೆಂಪಾಗುತ್ತದೆ! ಎಡಗನ್ನಡಿಯಲ್ಲಿ ಎಡಗಡೆಯ ಬೆಳಕು, ಬಲಗನ್ನಡಿಯಲ್ಲಿ ಬಲಗಡೆಯ ಬೆಳಕು, ಎರಡನ್ನೂ ಬೇರೆ ಬೇರೆ ನೋಡಿ. ಸಾಧ್ಯವಾದರೆ ಟೇಲ್ ಲೈಟ್ ಒಂದು ಗಳಿಗೆ ಆರಿಸಿ ಬ್ರೇಕ್ ಒತ್ತಿ, ಇಲ್ಲದಿದ್ದರೆ ಯಾವ ಕೆಂಪು ಯಾವುದರದ್ದು ಅಂತ ಗೊತ್ತಾಗುವುದಿಲ್ಲ. ಹಗಲಲ್ಲಿ ಇದನ್ನು ನಂಬಲೇಬೇಡಿ.

ಈಗಿನ ಹೊಸ ಟ್ರಕ್‌ಗಳು ಕೆಲವದರಲ್ಲಿ ಲೈಟ್ ಟೆಸ್ಟ್ ಬಟನ್ ಇದೆ. ಒತ್ತಿ ಇಳಿದರೆ ಲೈಟುಗಳೆಲ್ಲ ಸರದಿಯಾಗಿ ಉರಿಯುತ್ತವೆ, ಒಂದು ಸುತ್ತು ಹಾಕಿದರೆ ಆಯಿತು. ಇದು ಎಲ್ಲ ಟ್ರಕ್‌ನಲ್ಲೂ ಇರಬೇಕು ಅಂತ ನಾನು ಬಲವಾಗಿ ಹೇಳುತ್ತೇನೆ. ಜಾಸ್ತಿ ದುಡ್ಡು ಕೊಟ್ಟವರಿಗೆ ಮಾತ್ರ ಕೊಡುವ ಸೌಕರ್ಯ ಆಗಬಾರದು. ಆದರೆ ಅಲ್ಲಿಯೂ ಲೈಟ್ ಹತ್ತಿಸುವುದು ಕಂಪ್ಯೂಟರ್, ನಿಮ್ಮ ಕಾಲಲ್ಲ. ಪೆಡಲಿನ ಸ್ವಿಚ್ ಕೆಟ್ಟಿದ್ದರೆ ಅದು ಹೇಳದೇ ಇರಬಹುದು.

ನನಗೆ ಎಲ್ಲಕ್ಕಿಂತ ಸರಿ ಅನ್ನಿಸಿದ್ದು ಜೇಬಿನಲ್ಲಿರುವ ಫೋನ್. ಕಾಲಿನಿಂದ ಬಲ್ಬಿನವರೆಗೆ ಇಡೀ ದಾರಿಯನ್ನು ಅದು ತೋರಿಸುತ್ತದೆ. ಟ್ರೈಲರ್ ಹಿಂದೆ ಐದಾರು ಹೆಜ್ಜೆ ದೂರದಲ್ಲಿ ಫೋನನ್ನು ಏನಕ್ಕಾದರೂ ಒರಗಿಸಿ ನಿಲ್ಲಿಸಿ, ಎರಡೂ ಲೈಟ್ ಚೌಕಟ್ಟಿನಲ್ಲಿ ಬರಲಿ. ವಿಡಿಯೋ ಶುರು ಮಾಡಿ. ಹೋಗಿ ಕೂತು ನಿಧಾನವಾಗಿ ಮೂರು ಸಲ ಬ್ರೇಕ್ ಒತ್ತಿ. ಆಮೇಲೆ ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಕೊನೆಗೆ ಇಂಡಿಕೇಟರ್ ಹಾಕಿಕೊಂಡೇ ಬ್ರೇಕ್. ಈ ಕೊನೆಯದ್ದನ್ನು ಬಿಡಬೇಡಿ. ಕರೆಂಟ್ ವಾಪಸ್ ಹೋಗುವ ಅರ್ತ್ ವೈರ್ ಸಡಿಲವಾಗಿದ್ದರೆ ಆಗಲೇ ಬಯಲಾಗುವುದು. ಬ್ರೇಕ್ ಒತ್ತಿದರೆ ಟೇಲ್ ಲೈಟ್ ಮಂಕಾಗುತ್ತದೆ, ಅಥವಾ ಸಂಬಂಧವಿಲ್ಲದ ಯಾವುದೋ ಲೈಟು ಸಣ್ಣಗೆ ಮಿಣಮಿಣ ಅನ್ನುತ್ತದೆ. ವಾಪಸ್ ಹೋಗಿ ಫೋನ್ ತೆಗೆದುಕೊಂಡು ಅಲ್ಲೇ ನಿಂತು ನೋಡಿ. ಹೋಗುವ ಮುಂಚೆ ಒಂದು ಬಟ್ಟೆಯಿಂದ ಲೈಟಿನ ಗಾಜು ಒರೆಸಿ. ಕೆಸರು ಮೆತ್ತಿದ ಲೈಟು ಉರಿದರೂ ಒಂದೇ, ಆರಿದರೂ ಒಂದೇ. ಎಲ್ಲ ಸೇರಿ ನನಗೆ ನಾಲ್ಕು ನಿಮಿಷ ಹಿಡಿಯುತ್ತದೆ.

ನಾಲ್ಕು ನಿಮಿಷ ಎಲ್ಲಿಂದ ತರಲಿ ಅಂತ ಕೇಳುವ ಡ್ರೈವರ್ ಅಣ್ಣಂದಿರ ಮೇಲೆ ನನಗೆ ಕೋಪ ಇಲ್ಲ. ಅವರ ಬೆನ್ನ ಹಿಂದೆ ಫೋನ್ ಮಾಡಿ ಎಲ್ಲಿದ್ದೀಯ, ಹೊರಟೆಯಾ ಅನ್ನುವವರು ಇರುತ್ತಾರೆ. ನನ್ನ ಕೋಪ ಇರುವುದು ಕೆಲಸ ಹೀಗೆ ಇಟ್ಟವರ ಮೇಲೆ. ಅಮೆರಿಕದ ಫೆಡರಲ್ ನಿಯಮ 396.13 ಏನು ಹೇಳುತ್ತದೆ ಗೊತ್ತಾ? ಗಾಡಿ ಸುರಕ್ಷಿತವಾಗಿದೆ ಅಂತ ಡ್ರೈವರ್‌ಗೆ ಖಾತ್ರಿಯಾಗಬೇಕು, ಆಮೇಲೇ ಓಡಿಸಬೇಕು. ಒಬ್ಬರೇ ಇದ್ದರೆ ಇಷ್ಟು ಬಿಡಬಹುದು ಅಂತ ಅದರಲ್ಲಿಲ್ಲ. ಸರಿ, ಒಪ್ಪಿದೆ. ಆದರೆ ಖಾತ್ರಿ ಮಾಡಿಕೊಳ್ಳಲು ದಾರಿ ಕೊಡಬೇಕಲ್ವಾ? ನಾನು ಕೆಲಸ ಮಾಡುತ್ತಿದ್ದ ಕಡೆ ಕೇಳಿದಾಗ "ಯಾರನ್ನಾದರೂ ಕರೆದುಕೋ" ಅಂದರು. ಅಲ್ಲಿ ಆ ಹೊತ್ತಿಗೆ ಇದ್ದವನು ನಾನೊಬ್ಬನೇ.

ಯಾರ್ಡಿನ ಗೇಟಿನಲ್ಲಿ ಎರಡು ದೊಡ್ಡ ಉಬ್ಬುಕನ್ನಡಿ ನೆಟ್ಟರೆ ಸಾಕು. ಗಾಡಿ ಹೊರಗೆ ಹೋಗುವಾಗ ಒಂದು ಗುರುತಿನ ಮೇಲೆ ನಿಲ್ಲಿಸಿ, ಬ್ರೇಕ್ ಒತ್ತಿ, ಕ್ಯಾಬಿನಿಂದಲೇ ಹಿಂದಿನ ಎರಡು ಲೈಟನ್ನೂ ನೋಡಬಹುದು. ಇಲ್ಲ ಅಂದರೆ ಗೇಟಿನಲ್ಲಿ ಹೇಗೂ ಇರುವ ಕ್ಯಾಮೆರಾಗೆ ಒಂದು ಪರದೆ ಜೋಡಿಸಿ ಡ್ರೈವರ್ ಕಡೆ ತಿರುಗಿಸಿ. ಟ್ರೈಲರ್‌ಗಳು ಕೈಯಿಂದ ಕೈಗೆ ಹೋಗುತ್ತವೆ. ಇವತ್ತು ನಾನು ಬಿಟ್ಟದ್ದನ್ನು ನಾಳೆ ಇನ್ನೊಬ್ಬರು ಎಳೆಯುತ್ತಾರೆ. ಒಂದು ಕೆಟ್ಟ ಪಿನ್ ಎಷ್ಟು ಜನರ ಹಿಂದೆ ಓಡಾಡಿರುತ್ತದೋ ಯಾರಿಗೆ ಗೊತ್ತು.

ಹೋದ ವಾರದ ಒಂದು ವಿಡಿಯೋ ಬಗ್ಗೆ ಹೇಳುತ್ತೇನೆ. ಹೊಸದಾಗಿ ನನ್ನ ಕೈಗೆ ಬಂದ ಟ್ರೈಲರ್. ಮೂರು ಸಲ ಬ್ರೇಕ್ ಒತ್ತಿದ್ದೆ, ಮೂರು ಸಲವೂ ಎರಡೂ ಕಡೆ ಉರಿದಿತ್ತು. ಆದರೂ ಏನೋ ಸರಿ ಕಾಣಲಿಲ್ಲ. ನಿಧಾನ ಮಾಡಿ ಮತ್ತೆ ನೋಡಿದೆ. ಎಡಗಡೆಯದ್ದು ಫಕ್ ಅಂತ ಬರುತ್ತಿತ್ತು, ಬಲಗಡೆಯದ್ದು ಒಂದು ಕ್ಷಣ ತಡವಾಗಿ ಏರುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಯಾರೋ ಎಡಕ್ಕೆ ಎಲ್‌ಇಡಿ ಹಾಕಿ ಬಲಕ್ಕೆ ಹಳೇ ಬಲ್ಬ್ ಹಾಗೇ ಬಿಟ್ಟಿದ್ದರು. ತಂತಿಯ ಬಲ್ಬ್ ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಬೇಕು, ಎಲ್‌ಇಡಿಗೆ ಅದು ಬೇಡ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 0.2 ಸೆಕೆಂಡ್ ಅಂದರೆ ಸುಮಾರು 5.6 ಮೀಟರ್. ಒಂದು ಕಾರಿಗಿಂತ ಉದ್ದ. ಬಲ್ಬ್ ಕೆಟ್ಟಿರಲಿಲ್ಲ, ಹಾಗೇ ಹೋಗಬಹುದಿತ್ತು. ನನಗೆ ಮನಸ್ಸಾಗಲಿಲ್ಲ. ಬಲಕ್ಕೂ ಎಲ್‌ಇಡಿ ಹಾಕಿಸಿಕೊಂಡು, ಫೋನನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಮತ್ತೆ ಮೂರು ಸಲ ಒತ್ತಿದೆ. ಎರಡೂ ಒಟ್ಟಿಗೆ ಬಂದವು. ಫೋನ್ ಜೇಬಿಗೆ ಹಾಕಿ ಹೊರಟೆ.